ಗಾಳಿ ಅಕ್ಕಯ್ಯಮ್ಮ

ನಾಯಂಡಹಳ್ಳಿಯ ದೊಡ್ಡಹನುಮಯ್ಯನ ಮಗಳು ಅಕ್ಕಯ್ಯಮ್ಮನಿಗೆ ಊರಿನವರು ಇಟ್ಟಿದ್ದ ಹೆಸರು ಗಾಳಿ ಅಕ್ಕಯ್ಯ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು, ಅವಳ ತಮ್ಮನ ಮಕ್ಕಳೂ ಸೇರಿದಂತೆ.

ನಮ್ಮ ಕಡೆ ಗಾಳಿ ಎಂದರೆ ಬೀಸುವ ಗಾಳಿಯೂ ಹೌದು, ಮನುಷ್ಯರನ್ನು ಹಿಡಿಯುವ ಪೀಡೆಯೂ ಹೌದು. ಹೊತ್ತಲ್ಲದ ಹೊತ್ತಿನಲ್ಲಿ ಹೊಳೆ ಕಡೆ ಹೋಗಿ ಬಂದವಳು ಮಂಕಾದರೆ ಗಾಳಿ ಸೋಕಿದೆ ಅನ್ನುತ್ತಾರೆ. ಮಂಕು ಹೆಚ್ಚಾದರೆ ಗಾಳಿ ಮೆಟ್ಟಿದೆ ಅನ್ನುತ್ತಾರೆ. ಅಕ್ಕಯ್ಯಮ್ಮನಿಗೆ ಮೆಟ್ಟಿದೆ ಎಂದು ತೀರ್ಮಾನವಾಗಿದ್ದು ಅವಳಿಗೆ ಹದಿನೇಳು ವರ್ಷವಾಗಿದ್ದಾಗ.

ಶ್ರೀಗಂಧದ ಕಾವಲಿನ ಬೆಟ್ಟಯ್ಯನಿಗೆ ಅವಳನ್ನು ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಮಗು. ಇನ್ನೂ ಹೆಸರಿಟ್ಟಿರಲಿಲ್ಲ, ಒಂದು ಬೆಳಗ್ಗೆ ಹಾಲು ಕುಡಿಸಲು ಎತ್ತಿಕೊಂಡರೆ ಮೈ ತಣ್ಣಗಿತ್ತು. ಅಕ್ಕಯ್ಯಮ್ಮ ಕೂಗಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದರೂ ನೋವು ಅನ್ನಲಿಲ್ಲ. ಮೂಲೆಯಲ್ಲಿ ಕೂತು ಬಾಗಿಲು ನೋಡುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಒಮ್ಮೊಮ್ಮೆ ಉಸಿರು ಗಂಟಲಲ್ಲೇ ಸಿಕ್ಕಿಕೊಂಡಂತಾಗಿ ನೆಲಕ್ಕೆ ಬಿದ್ದುಬಿಡುತ್ತಿದ್ದಳು. ನೋಡಲು ಬಂದ ಅತ್ತೆ ಹೊಸ್ತಿಲು ದಾಟಲಿಲ್ಲ. “ಇದು ಬಾಣಂತಿ ಸನ್ನಿ ಅಲ್ಲ ಕಣಮ್ಮಾ, ಗಾಳಿ. ಬಿಡಿಸಿ ಕಳಿಸೋದಾದ್ರೆ ಕಳಿಸಿ,” ಎಂದು ಹೇಳಿ ಹೊರಟುಹೋದಳು.

ಗಾಳಿ ಬಿಡಿಸುವ ಅಂಜಿನಯ್ಯನನ್ನು ಕರೆಸಿದರು. ವೃಷಭಾವತಿ ಹೊಳೆಯ ದಂಡೆಯಲ್ಲಿದ್ದ ಹುಣಸೆ ಮರದ ಕೆಳಗೆ ಕೂರಿಸಿ, ಅವಳ ಜುಟ್ಟನ್ನು ಕೊಂಬೆಗೆ ಬಿಗಿದು, ಮೆಣಸಿನಕಾಯಿ ಹೊಗೆ ಹಾಕಿದರು. ಅಂಜಿನಯ್ಯ ಬೇವಿನ ಬರಲಿನಿಂದ ಬಾರಿಸುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದ: “ಯಾರು ನೀನು? ಹೆಸರು ಹೇಳು!” ಮೊದಲ ದಿನ ಅವಳು ಬಾಯಿ ಬಿಡಲಿಲ್ಲ. ಎರಡನೆಯ ದಿನ “ನಾನು ಅಕ್ಕಯ್ಯ” ಎಂದಳು. ಅದಕ್ಕೆ ಇನ್ನೂ ಹೆಚ್ಚು ಏಟು ಬಿತ್ತು. ಮೂರನೆಯ ದಿನ, ಇನ್ನು ತಡೆಯಲಾರೆ ಅನ್ನಿಸಿದಾಗ, ನಾಲಗೆಗೆ ಬಂದ ಒಂದು ಹೆಸರು ಹೇಳಿದಳು: “ಲಿಂಗಮ್ಮ.”

ಏಟು ನಿಂತಿತು.

ಲಿಂಗಮ್ಮ ಅವಳ ಓರಗೆಯ ಹುಡುಗಿ. ಹಿಂದಿನ ಮಳೆಗಾಲದಲ್ಲಿ ಬಟ್ಟೆ ಒಗೆಯಲು ಹೋಗಿ ಅದೇ ಹೊಳೆಯ ಸೆಳವಿಗೆ ಸಿಕ್ಕಿ ಸತ್ತಿದ್ದಳು. ಮುನಿತಾಯಮ್ಮ ಎಂಬ ವಿಧವೆಗೆ ಇದ್ದ ಒಬ್ಬಳೇ ಮಗಳು. ಅಂದು ಕೋಳಿ ಕೊಯ್ದು, ನಿಂಬೆಹಣ್ಣು ತುಳಿಸಿ, ಲಿಂಗಮ್ಮ ಬಿಟ್ಟುಹೋದಳು ಎಂದು ಅಂಜಿನಯ್ಯ ಸಾರಿದ. ಆದರೆ ಬೆಟ್ಟಯ್ಯನ ಮನೆಯವರು ಅಕ್ಕಯ್ಯಮ್ಮನನ್ನು ಕರೆಸಿಕೊಳ್ಳಲಿಲ್ಲ. ಅವನು ಬೇರೆ ಮದುವೆಯಾದ. ದೊಡ್ಡಹನುಮಯ್ಯ ತೀರಿಕೊಂಡ ಮೇಲೆ ಅವಳು ತಮ್ಮ ಮುನಿರಾಜುವಿನ ಮನೆಯಲ್ಲಿ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಉಳಿದಳು. ಸೆಗಣಿ ಬಾಚುವುದು, ಹುಲ್ಲು ತರುವುದು, ಹಿಟ್ಟು ಬೀಸುವುದು, ಎಲ್ಲವೂ ಅವಳದೇ. ಆದರೆ ರಾಗಿ ತೂರುವ ಹೊತ್ತಿಗೆ ಅವಳು ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಬಾಣಂತಿಯರ ಮನೆಗೂ ಹೋಗುವಂತಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಐವತ್ತೆರಡನೇ ಇಸವಿಯಲ್ಲಿ ಸುವಾರ್ತಮ್ಮ ಊರಿಗೆ ಬರತೊಡಗಿದಳು.

ಸುವಾರ್ತಮ್ಮ ಕೆಂಗೇರಿಯಲ್ಲಿದ್ದ ಕ್ರೈಸ್ತರ ಒಂದು ಸಣ್ಣ ಪ್ರಾರ್ಥನಾ ಮನೆಯ ಪ್ರಚಾರಕಿ. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಬಿಳಿ ಸೀರೆ, ಕಪ್ಪು ಕೊಡೆ, ಹೆಗಲಲ್ಲಿ ಒಂದು ಚೀಲ. ಚೀಲದಲ್ಲಿ ಕಣ್ಣಿನ ಔಷಧಿ, ಗಾಯದ ಮುಲಾಮು, ಜ್ವರದ ಮಾತ್ರೆ, ಮತ್ತು ಅವಳ ಧರ್ಮಗ್ರಂಥ. ವಾರಕ್ಕೊಮ್ಮೆ ರೈಲು ಹಳಿಯ ಪಕ್ಕದ ದಾರಿಯಲ್ಲಿ ನಡೆದುಕೊಂಡು ಬರುತ್ತಿದ್ದಳು. ಮುನಿರಾಜುವಿನ ಹೆಂಡತಿ ಸೀತಾಗೆ ಮೊದಮೊದಲು ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಕಿರಿಯ ಮಗನ ಕಣ್ಣುಬೇನೆ ಅವಳ ಔಷಧಿಯಿಂದ ವಾಸಿಯಾದ ಮೇಲೆ ಜಗಲಿಯ ಮೇಲೆ ಕೂರಲು ಚಾಪೆ ಹಾಕಿದಳು.

ಒಂದು ದಿನ ಅಕ್ಕಯ್ಯಮ್ಮ ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದಾಗ ಸುವಾರ್ತಮ್ಮ ದಂಡೆಯ ಕಲ್ಲಿನ ಮೇಲೆ ಕೂತು ಮಾತಿಗೆಳೆದಳು. ಮಾತು ಅವಳ ದೇವರ ಕಡೆ ಹೊರಳಿತು.

“ನಮ್ಮ ದೇವರ ಆತ್ಮ ಗಾಳಿ ಇದ್ದ ಹಾಗೆ ಕಣಮ್ಮ. ಬೇಡಿಕೊಂಡರೆ ನಮ್ಮೊಳಕ್ಕೆ ಬರುತ್ತೆ.”

ಅಕ್ಕಯ್ಯಮ್ಮ ಎಮ್ಮೆಯ ಹಗ್ಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. “ಬ್ಯಾಡಿ ಅಮ್ಮಾವ್ರೇ! ಒಂದು ಗಾಳಿಗೇ ನಂಗೆ ಸಾಕುಸಾಕಾಗೈತೆ.”

ಸುವಾರ್ತಮ್ಮನಿಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದಳು. ಅಕ್ಕಯ್ಯಮ್ಮ ಕೂದಲು ಸರಿಸಿ, ಬುರುಡೆಯ ಮೇಲೆ ಕೂದಲು ಕಿತ್ತುಹೋಗಿ ಮತ್ತೆ ಬೆಳೆಯದ ಜಾಗ ತೋರಿಸಿದಳು. ಮಗುವಿನ ವಿಷಯವನ್ನೂ ಹೇಳಿದಳು. ಸುವಾರ್ತಮ್ಮ, “ನಿನ್ನ ಮಗು ಸತ್ತಿತ್ತು. ನಿನಗೆ ದುಃಖ ಆಗಿತ್ತು. ಅಷ್ಟೇ ತಾನೆ ಆಗಿದ್ದು?” ಎಂದು ಕೇಳಿದಳು.

ಅಷ್ಟು ವರ್ಷಗಳಲ್ಲಿ ಅವಳಿಗೆ ಹಾಗೆಂದವರು ಇರಲಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವಳು ಅಲ್ಲೇ ಅತ್ತಳು. ಮಗುವಿಗಾಗಿ ಅವಳು ಅತ್ತದ್ದು ಅದೇ ಮೊದಲು.

ಆಮೇಲೆ ಸುವಾರ್ತಮ್ಮ ಬರುವ ದಿನಕ್ಕಾಗಿ ಅಕ್ಕಯ್ಯಮ್ಮ ಕಾಯತೊಡಗಿದಳು. “ಅಮ್ಮಾವ್ರೇ” ಹೋಗಿ “ಅಕ್ಕಾ” ಬಂತು. ಸುವಾರ್ತಮ್ಮ ಅವಳಿಗೆ ಅಕ್ಷರ ಕಲಿಸಿದಳು. ಮೊದಲು ಮರಳಿನ ಮೇಲೆ, ಆಮೇಲೆ ಸ್ಲೇಟಿನ ಮೇಲೆ. ಗಾಳಿಯ ಮಾತು ಮತ್ತೆ ಬಂತು. ಈ ಸಲ ಅಕ್ಕಯ್ಯಮ್ಮ ಹೆದರದೆ ಕೇಳಿದಳು.

“ನೋಡು, ಗಾಳಿ ಕಣ್ಣಿಗೆ ಕಾಣುತ್ತಾ? ಹೊಂಗೆ ಎಲೆ ಅಲ್ಲಾಡಿದರೆ ಇದೆ ಅಂತ ಗೊತ್ತಾಗುತ್ತೆ. ದೇವರ ಆತ್ಮವೂ ಹಾಗೇ. ನಮ್ಮ ಧರ್ಮಗ್ರಂಥ ಮೊದಲು ಬರೆದ ಹಳೇ ಕಾಲದ ಭಾಷೆಯಲ್ಲಿ ಗಾಳಿಗೂ ಉಸಿರಿಗೂ ದೇವರ ಆತ್ಮಕ್ಕೂ ಒಂದೇ ಮಾತಂತೆ.”

“ಉಸಿರಿಗೂನಾ?”

“ಹೂಂ. ನೀನು ಬಿಡ್ತಾ ಇದ್ದೀಯಲ್ಲ, ಅದಕ್ಕೂ.”

“ಹಂಗಾದ್ರೆ ಅದೂ ಮೆಟ್ಟತೈತಾ ಅಕ್ಕಾ?”

“ಇಲ್ಲ ಕಣೇ. ಅದು ಯಾರನ್ನೂ ಮೆಟ್ಟಲ್ಲ. ಯಾರ ಮನೆ ಆಳೂ ಅಲ್ಲ ಅದು. ಹೊಡೆದರೆ ಬರಲ್ಲ, ಬೈದರೆ ಹೋಗಲ್ಲ. ತಾನಾಗಿ ಬರುತ್ತೆ, ಬಂದಾಗ ಮನಸ್ಸು ಹಗುರ ಆಗುತ್ತೆ.”

ಅಕ್ಕಯ್ಯಮ್ಮನಿಗೆ ಈ ಮಾತು ಹಿಡಿಸಿತು. ಎಮ್ಮೆ ಮೇಯಿಸುವಾಗ ರೈಲು ದಿಬ್ಬದ ಮೇಲೆ ನಿಂತು, ಕೆಂಗೇರಿಯ ಕಡೆಯಿಂದ ಬೀಸುವ ಗಾಳಿಗೆ ಸೆರಗು ಬಿಟ್ಟು, ಉಸಿರನ್ನು ನಿಧಾನವಾಗಿ ಎಳೆದುಕೊಳ್ಳುತ್ತಿದ್ದಳು. ಅವಳ ಉಸಿರು ಸಿಕ್ಕಿಕೊಳ್ಳುವುದು ಕಡಿಮೆಯಾಯಿತು. ಇದನ್ನೆಲ್ಲ ನನಗೆ ಹೇಳಿದ್ದು ಮುಂದೆ ಅವಳಿಗೆ ವಠಾರದ ನೆರೆಯವರಾದ ನನ್ನ ತಾಯಿ. ತಾಯಿ ಕೇಳಿದ್ದು ಅಕ್ಕಯ್ಯಮ್ಮನ ಬಾಯಿಂದಲೇ. ಗಾಳಿ ಎಂಬ ಮಾತು ಕೇಳಿದರೆ ತಲೆ ತಗ್ಗಿಸುತ್ತಿದ್ದವಳು ಆ ವರ್ಷಗಳಲ್ಲಿ ತಲೆ ಎತ್ತಿ ನಡೆದಳಂತೆ.

ಲಿಂಗಮ್ಮನ ವಿಷಯವನ್ನು ಅವಳು ಹೇಳಿದ್ದು ಸ್ನೇಹ ಗಟ್ಟಿಯಾದ ಮೇಲೆ. “ಅಕ್ಕಾ, ನನ್ನೊಳಗೆ ಯಾರೂ ಬಂದಿರಲಿಲ್ಲ. ಏಟು ತಾಳಲಾರದೆ ಸುಳ್ಳು ಹೇಳಿದೆ. ಪಾಪ, ಸತ್ತ ಹುಡುಗೀನ ದೆವ್ವ ಮಾಡಿಬಿಟ್ಟೆ. ಅವಳವ್ವ ಇವತ್ತಿಗೂ ಅಮಾವಾಸ್ಯೆ ಅಮಾವಾಸ್ಯೆಗೆ ಹುಣಸೆ ಮರದಡಿ ಎಡೆ ಇಡ್ತಾಳೆ, ಮಗಳು ಇನ್ಯಾರನ್ನೂ ಹಿಡೀದಿರಲಿ ಅಂತ.”

ಸುವಾರ್ತಮ್ಮ ಅವಳ ಕೈ ಹಿಡಿದುಕೊಂಡು ಅತ್ತಳು. “ಇದು ನನ್ನಲ್ಲೇ ಇರುತ್ತೆ ಕಣೇ. ದೇವರ ಮುಂದೆ ಹೇಳ್ತೀನಿ, ಇದು ನನ್ನ ಬಾಯಿಂದ ಆಚೆ ಬರಲ್ಲ.”

ಐವತ್ತೈದರ ಬೇಸಿಗೆಯಲ್ಲಿ ರಾಜಾಜಿನಗರದಲ್ಲಿ ಸುವಾರ್ತಮ್ಮನ ಮತದವರ ದೊಡ್ಡ ಸುವಾರ್ತಾ ಕೂಟ ಏರ್ಪಾಡಾಯಿತು. ಆಗಿನ್ನೂ ಅಲ್ಲಿ ಮನೆಗಳು ಕಡಿಮೆ. ಸೈಟುಗಳಿಗೆ ನೆಟ್ಟ ಕಲ್ಲುಗಳು, ಮಧ್ಯೆ ಮಧ್ಯೆ ಬಯಲು. ಒಂದು ಬಯಲಿನಲ್ಲಿ ಶಾಮಿಯಾನ ಹಾಕಿ, ಮೈಕು ಕಟ್ಟಿದ್ದರು. ದೂರದ ಸೀಮೆಯಿಂದ ಒಬ್ಬ ಬಿಳಿಯ ಬೋಧಕ ಬರುತ್ತಾನೆಂದು ಸುದ್ದಿ. ಹತ್ತಿರದ ಹಳ್ಳಿಗಳಿಗೆ ಲಾರಿ ಕಳಿಸಿದ್ದರು.

ವಾರದ ಮುಂಚೆ ಸುವಾರ್ತಮ್ಮ ಬಂದು, “ಅಕ್ಕಯ್ಯಾ, ನೀನು ವೇದಿಕೆ ಹತ್ತಬೇಕು. ಓದೋಕೆ ಕಲ್ತಿದ್ದೀಯಲ್ಲ, ನಾಲ್ಕು ಸಾಲು ಓದು ಸಾಕು. ಜನ ನೋಡಲಿ,” ಎಂದಳು. ತನ್ನದೇ ಒಂದು ಬಿಳಿ ಸೀರೆಯನ್ನೂ ಕೊಟ್ಟಳು.

ಅಕ್ಕಯ್ಯಮ್ಮನಿಗೆ ಒಳಗೊಳಗೇ ಹಿಗ್ಗು. ಆ ಗಾಳಿಯ ಮಾತಿರುವ ಪುಟವನ್ನೇ ಓದುತ್ತೇನೆ ಎಂದಳು. ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು ಗಟ್ಟಿಯಾಗಿ ಓದಿ ಓದಿ ರೂಢಿ ಮಾಡಿಕೊಂಡಳು. ಸೀತಾ ಕೂಡ ನಕ್ಕು, “ನಿಮ್ಮಕ್ಕ ಮೇಷ್ಟ್ರಾಗ್ತಾರೆ ನೋಡ್ರಿ,” ಎಂದು ಗಂಡನಿಗೆ ಹೇಳಿದಳು. ಕೂಟದ ದಿನ ಲಾರಿಯಲ್ಲಿ ಊರಿನ ಇಪ್ಪತ್ತು ಮೂವತ್ತು ಜನ ಹತ್ತಿದರು. ಬಿಳಿಯನನ್ನು ನೋಡುವ ಆಸೆಗೆ ಮುನಿತಾಯಮ್ಮನೂ ಹತ್ತಿದ್ದಳು.

ಹೊತ್ತು ಇಳಿಯುವಾಗ ಕೂಟ ಶುರುವಾಯಿತು. ಹಾಡುಗಳಾದವು. ಬಿಳಿಯ ಬೋಧಕ ಮಾತಾಡಿದ. ಒಬ್ಬ ಯುವಕ ಅದನ್ನು ಕನ್ನಡದಲ್ಲಿ ಹೇಳಿದ. ಆಮೇಲೆ ಸುವಾರ್ತಮ್ಮ ಅಕ್ಕಯ್ಯಮ್ಮನ ಕೈ ಹಿಡಿದು ಮೇಲೆ ಕರೆದೊಯ್ದಳು. ಅಕ್ಕಯ್ಯಮ್ಮ ಪುಸ್ತಕಕ್ಕಾಗಿ ಕೈ ಚಾಚಿದಳು. ಸುವಾರ್ತಮ್ಮ ಪುಸ್ತಕ ಕೊಡಲಿಲ್ಲ. ಮೈಕಿನ ಮುಂದೆ ತಾನೇ ನಿಂತಳು.

“ಪ್ರಿಯರೇ, ಈ ನನ್ನ ತಂಗಿಗೆ ಹದಿನೇಳನೇ ವಯಸ್ಸಿನಲ್ಲಿ ದೆವ್ವ ಹಿಡೀತು. ನಾಯಂಡಹಳ್ಳಿಯ ಹೊಳೇಲಿ ಮುಳುಗಿ ಸತ್ತ ಲಿಂಗಮ್ಮ ಅನ್ನೋಳ ದೆವ್ವ. ಯಾವ ಮಂತ್ರಗಾರನಿಗೂ ಅದು ಹೆದರಲಿಲ್ಲ. ವರ್ಷಗಟ್ಟಲೆ ಇವಳೊಳಗೆ ಕೂತಿತ್ತು. ನಾವು ಹೊಳೇ ದಂಡೇಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ವಿ. ಪವಿತ್ರಾತ್ಮನು ಬಿರುಗಾಳಿಯಂತೆ ಬಂದು ಆ ದೆವ್ವವನ್ನು ಓಡಿಸಿದನು!”

ಜನ ಚಪ್ಪಾಳೆ ತಟ್ಟಿದರು. ಅಕ್ಕಯ್ಯಮ್ಮನಿಗೆ ತಾನು ಕೇಳುತ್ತಿರುವುದು ಸುವಾರ್ತಮ್ಮನ ಧ್ವನಿಯೋ ಅಲ್ಲವೋ ಎಂದು ಅನುಮಾನವಾಯಿತು. ತಿರುಗಿ ನೋಡಿದಳು. ಸುವಾರ್ತಮ್ಮ ಅವಳ ಕಡೆ ನೋಡಲಿಲ್ಲ. ಕೆಳಗೆ ಮುಂದಿನ ಸಾಲಿನಲ್ಲಿ ನಾಯಂಡಹಳ್ಳಿಯವರೆಲ್ಲ ಕೂತಿದ್ದರು. ಮಗಳ ಹೆಸರು ಕೇಳಿದ ಮುನಿತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಬಿಳಿಯ ಬೋಧಕ ಅಕ್ಕಯ್ಯಮ್ಮನ ತಲೆಯ ಮೇಲೆ ಕೈಯಿಟ್ಟು ಏನೋ ಕೇಳಿದ. ಯುವಕ ಕನ್ನಡದಲ್ಲಿ ಕೇಳಿದ: “ತಂಗೀ, ಆ ದೆವ್ವ ಈಗ ನಿನ್ನೊಳಗೆ ಇದೆಯಾ?”

“ಇಲ್ಲ,” ಎಂದಳು ಅಕ್ಕಯ್ಯಮ್ಮ.

“ಇಲ್ಲವಂತೆ! ಹೋಯಿತಂತೆ!” ಎಂದು ಯುವಕ ಕೂಗಿದ. ಶಾಮಿಯಾನವೇ ಎದ್ದುಹೋಗುವಂತೆ ಜಯಕಾರ ಎದ್ದಿತು.

“ಇಲ್ಲ ಸ್ವಾಮಿ, ಯಾವತ್ತೂ ಇರಲೇ ಇಲ್ಲ! ಲಿಂಗಮ್ಮ ನನ್ನ ಹಿಡಿದಿರಲಿಲ್ಲ!” ಎಂದು ಅವಳು ಮತ್ತೆ ಕೂಗಿದಳು. ಅಷ್ಟರಲ್ಲಿ ಹಾರ್ಮೋನಿಯಂ, ತಮಟೆ, ಹಾಡು. ಅವಳ ಮಾತು ಮೈಕಿಗೆ ಸಿಗಲಿಲ್ಲ. ಕೇಳಿಸಿದ್ದು ಒಬ್ಬಳಿಗೆ, ಪಕ್ಕದಲ್ಲೇ ನಿಂತಿದ್ದ ಸುವಾರ್ತಮ್ಮನಿಗೆ. ಅವಳು ಅಕ್ಕಯ್ಯಮ್ಮನ ತೋಳನ್ನು ಬಿಗಿಯಾಗಿ ಹಿಡಿದು, ಮೆಲ್ಲಗೆ ಮೈಕಿನಿಂದ ದೂರ ಕರೆದುಕೊಂಡು ಹೋಗಿ, ಮೆಟ್ಟಿಲು ಇಳಿಸಿದಳು. ಆಮೇಲೆ ತಾನು ಮೇಲಕ್ಕೆ ಹೋಗಿ ಹಾಡಿಗೆ ದನಿಗೂಡಿಸಿದಳು.

ಲಾರಿಯಲ್ಲಿ ವಾಪಸು ಬರುವಾಗ ಅವಳ ಪಕ್ಕ ಯಾರೂ ಕೂರಲಿಲ್ಲ. ಮನೆಯ ಬಾಗಿಲಲ್ಲಿ ಸೀತಾ ಅಡ್ಡ ನಿಂತಳು. “ಅಲ್ಲಿ ಬಿಟ್ಟ ಗಾಳಿ ನಮ್ಮ ಲಾರೀಲೇ ಬಂದಿದ್ರೆ ಏನ್ ಗತಿ? ಮನೇಲಿ ಮಕ್ಕಳವ್ರೆ,” ಎಂದಳು. ಮುನಿರಾಜು ಅಕ್ಕನ ಮುಖ ನೋಡದೆ, “ಮುಗಿದುಹೋಗಿದ್ದ ಮಾತು. ಎಲ್ರೂ ಮರೆತಿದ್ರು. ನೀನೇ ಹೋಗಿ ಮೈಕಲ್ಲಿ ಸಾರಿಸಿಕೊಂಡು ಬಂದ್ಯಲ್ಲಕ್ಕಾ,” ಎಂದ. ಆ ರಾತ್ರಿ ಅವಳು ಎಮ್ಮೆಗಳ ಮಧ್ಯೆ ಮಲಗಿದಳು.

ಬೆಳಗಾಗುತ್ತಲೇ ಮುನಿತಾಯಮ್ಮನ ಗುಡಿಸಲಿಗೆ ಹೋದಳು. ಮುದುಕಿ ಒಲೆಯ ಮುಂದೆ ಕೂತಿದ್ದಳು, ಒಲೆ ಹೊತ್ತಿರಲಿಲ್ಲ.

“ದೊಡ್ಡಮ್ಮಾ, ನಿನ್ನ ಮಗಳು ನನ್ನ ಹಿಡಿದಿರಲಿಲ್ಲ. ಅಂಜಿನಯ್ಯ ಹೊಡೆತ ತಾಳಲಾರದೆ ಅವಳ ಹೆಸರು ಹೇಳಿದೆ. ನೆನ್ನೆ ಅವರು ಹೇಳಿದ್ದೂ ಸುಳ್ಳು.”

ಮುನಿತಾಯಮ್ಮ ಅವಳನ್ನೇ ನೋಡಿದಳು. “ಹಂಗಾದ್ರೆ ನನ್ನ ಮಗಳು ಯಾರ್ನೂ ಹಿಡೀಲಿಲ್ವಾ?”

“ಯಾರ್ನೂ ಇಲ್ಲ.”

“ಇಷ್ಟು ವರ್ಷ ನನ್ನ ಹೆತ್ತ ಮಗಳಿಗೇ ನಾನು ಹೆದರಿಕೊಂಡು ಬದುಕಿದೆನಲ್ಲೇ, ಮುಂಡೇದೇ! ಕನಸಲ್ಲಿ ಬಂದ್ರೂ ಹೋಗು ಹೋಗು ಅಂತ ಅಟ್ಟುತಿದ್ದೆನಲ್ಲೇ! ಒಂದು ಮಾತು ಬಂದು ಹೇಳೋಕಾಗಲಿಲ್ವಾ ನಿಂಗೆ?” ಮುದುಕಿ ಅವಳ ಕೆನ್ನೆಗೆ ಹೊಡೆದಳು. ಹೊಡೆದು, ಅದೇ ಕೈಯಿಂದ ಅವಳ ಭುಜ ಹಿಡಿದು ಗೋಳೋ ಎಂದು ಅತ್ತಳು. ಅಳು ನಿಂತ ಮೇಲೆ, “ನಡಿ, ಊರ ಮುಂದೆ ಹೇಳು,” ಎಂದಳು.

ಅಶ್ವತ್ಥ ಕಟ್ಟೆಯ ಮುಂದೆ, ಊರ ಹಿರಿಯ ನಂಜುಂಡಪ್ಪನ ಎದುರಿಗೆ, ಅಕ್ಕಯ್ಯಮ್ಮ ಎಲ್ಲವನ್ನೂ ಹೇಳಿದಳು. ಕೆಲವರು ನಂಬಿದರು. ಹೆಚ್ಚಿನವರು ನಂಬಲಿಲ್ಲ. ಗಾಳಿಯೇ ಅವಳ ಬಾಯಲ್ಲಿ ಹೀಗೆ ಹೇಳಿಸುತ್ತಿದೆ ಎಂದವರೂ ಇದ್ದರು. ಆದರೆ ಮುನಿತಾಯಮ್ಮ ಅಂದಿನಿಂದ ಎಡೆ ಇಡುವುದನ್ನು ಬಿಟ್ಟಳು.

ಅದೇ ದಿನ ಅಕ್ಕಯ್ಯಮ್ಮ ಕೆಂಗೇರಿಗೆ ನಡೆದಳು. ಸುವಾರ್ತಮ್ಮ ಪ್ರಾರ್ಥನಾ ಮನೆಯ ಅಂಗಳದಲ್ಲಿ ಔಷಧಿ ಸೀಸೆಗಳನ್ನು ತೊಳೆದು ಬಿಸಿಲಿಗಿಡುತ್ತಿದ್ದಳು. ಇವಳನ್ನು ಕಂಡು ಎದ್ದು ನಿಂತಳು.

“ಬಾ ಅಕ್ಕಯ್ಯಾ, ಕೂತ್ಕೋ.”

“ಕೂರೋಕೆ ಬಂದಿಲ್ಲ ಅಮ್ಮಾವ್ರೇ.”

ಆ “ಅಮ್ಮಾವ್ರೇ” ಕೇಳಿ ಸುವಾರ್ತಮ್ಮನ ಮುಖ ಬಾಡಿತು. “ನನ್ನ ಮಾತು ಕೇಳು. ಮೂರು ವರ್ಷ ಆಯ್ತು, ಈ ಸೀಮೇಲಿ ಒಬ್ಬರೂ ನಮ್ಮ ಕಡೆ ಬಂದಿಲ್ಲ. ನಮ್ಮ ಮೇಲಿನೋರು ನನ್ನ ಇಲ್ಲಿಂದ ಎತ್ತಿ ಹಾಕ್ತೀವಿ ಅಂದ್ರು. ನಾನು ಹೋದ್ರೆ ಈ ಔಷಧಿ, ಈ ಪಾಠ, ಎಲ್ಲ ನಿಂತುಹೋಗುತ್ತೆ. ದುಃಖ ಇತ್ತು, ಹೋಯ್ತು ಅಂತ ಹೇಳಿದ್ರೆ ಯಾರು ಎದ್ದು ಬರ್ತಾರೆ ಹೇಳು? ದೆವ್ವ ಅಂದ್ರೆ ಬರ್ತಾರೆ. ನೆನ್ನೆ ನಲವತ್ತು ಜನ ಎದ್ದು ಬಂದ್ರು ಕಣೇ.”

“ನಿಮಗೆ ಗೊತ್ತಿತ್ತು. ನನ್ನೊಳಗೆ ಯಾರೂ ಇರಲಿಲ್ಲ ಅಂತ ಈ ಲೋಕದಲ್ಲಿ ಗೊತ್ತಿದ್ದಿದ್ದು ನಿಮಗೊಬ್ಬರಿಗೇ.”

ಸುವಾರ್ತಮ್ಮ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು.

“ಅಂಜಿನಯ್ಯಂಗೆ ಗೊತ್ತಿರಲಿಲ್ಲ. ಅವನು ದೆವ್ವ ಐತೆ ಅಂತ ನಂಬಿಕೊಂಡೇ ಹೊಡೆದ,” ಎಂದಳು ಅಕ್ಕಯ್ಯಮ್ಮ. “ದೇವರ ಗಾಳಿ ಯಾರ ಮನೆ ಆಳೂ ಅಲ್ಲ ಅಂತ ಹೇಳಿಕೊಟ್ಟೋರು ನೀವು. ನೆನ್ನೆ ಅದಕ್ಕೆ ಕಸ ಗುಡಿಸೋ ಕೆಲಸ ಕೊಟ್ಟಿರಿ.”

ಬಿಳಿ ಸೀರೆಯನ್ನು ಮಡಿಸಿ ತಂದಿದ್ದಳು. ಅದನ್ನು ಕಲ್ಲಿನ ಮೇಲಿಟ್ಟು ಹೊರಟಳು. ಸುವಾರ್ತಮ್ಮ ಗೇಟಿನವರೆಗೆ ಹಿಂದೆ ಬಂದು, “ನನ್ನ ಕ್ಷಮಿಸು ಅಂತ ಕೇಳೋಕೂ ಬಾಯಿಲ್ಲ ಅಕ್ಕಯ್ಯಾ,” ಎಂದಳಂತೆ. ಅಕ್ಕಯ್ಯಮ್ಮ ತಿರುಗಿ ನೋಡಲಿಲ್ಲ. ಮೈಸೂರು ರಸ್ತೆಗೆ ಬಂದ ಮೇಲೆ ಒಂದು ಮೈಲಿಕಲ್ಲಿನ ಮೇಲೆ ಕೂತುಬಿಟ್ಟಳು. ಮಗು ಸತ್ತಾಗ ಸಿಕ್ಕಿಕೊಳ್ಳುತ್ತಿದ್ದಂತೆ ಉಸಿರು ಸಿಕ್ಕಿಕೊಂಡಿತು. ದಾರಿಹೋಕನೊಬ್ಬ ಎಳನೀರು ಕುಡಿಸಿದ.

ತಮ್ಮನ ಮನೆಗೆ ಅವಳು ಹಿಂತಿರುಗಲಿಲ್ಲ. ರಾಜಾಜಿನಗರದಲ್ಲಿ ಸಾಲು ಸಾಲಾಗಿ ಮನೆಗಳು ಏಳುತ್ತಿದ್ದವು. ಗಾರೆ ಹೊರುವ ಕೂಲಿಗೆ ಸೇರಿಕೊಂಡಳು. ಕೆಲಸದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದಳು. ಕೆಲವು ವರ್ಷಗಳ ಮೇಲೆ ಒಂದು ಶಿಶುವಿಹಾರದಲ್ಲಿ ಆಯಾ ಕೆಲಸ ಸಿಕ್ಕಿತು. ಆಗಲೇ ನಮ್ಮ ವಠಾರದ ಕೊನೆಯ ಕೋಣೆಗೆ ಬಂದದ್ದು. ವಠಾರದ ಹಾಲು ಕುಡಿಯುವ ಕೂಸುಗಳನ್ನು ಎತ್ತಿಕೊಳ್ಳುವಾಗ ಮೊದಲು ಮೈ ಬಿಸಿಯಿದೆಯೇ ಎಂದು ಮುಟ್ಟಿ ನೋಡುವ ಅಭ್ಯಾಸ ಅವಳಿಗಿತ್ತು ಎಂದು ತಾಯಿ ಹೇಳುತ್ತಿದ್ದರು.

ಅವಳು ಕ್ರೈಸ್ತಳಾಗಲಿಲ್ಲ. ಊರದೇವರಿಗೆ ನಡೆದುಕೊಳ್ಳುವುದನ್ನೂ ಬಿಟ್ಟಿದ್ದಳು. ತಾಯಿ ಒಮ್ಮೆ ಕೇಳಿದರು: “ಅಷ್ಟೆಲ್ಲ ಆದ ಮೇಲೆ ಆ ದೇವರನ್ನ ಬಿಟ್ಟೇಬಿಟ್ರಾ?”

“ಮೋಸ ಮಾಡಿದ್ದು ಆ ಕೆಂಗೇರಿಯೋಳು. ಗಾಳಿ ನಂಗೇನ್ ಮಾಡ್ತು?” ಎಂದಳಂತೆ. ಸಂಜೆ ಶಿಶುವಿಹಾರದ ಕೆಲಸ ಮುಗಿದ ಮೇಲೆ ಮಹಡಿ ಹತ್ತಿ ಒಬ್ಬಳೇ ನಿಲ್ಲುತ್ತಿದ್ದಳು. ಆ ಹೊತ್ತಿಗೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಅದೇ ಅವಳ ಪ್ರಾರ್ಥನೆ ಎಂದು ತಾಯಿಗೆ ಗೊತ್ತಿತ್ತು.

ಆದರೆ ಸುವಾರ್ತಮ್ಮನ ಹೆಸರನ್ನು ಅವಳು ಮತ್ತೆ ಬಾಯಲ್ಲಿ ತರಲಿಲ್ಲ. ಆ ಹೆಸರು ತಾಯಿಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ, ನಾಯಂಡಹಳ್ಳಿಯವರಿಂದ. ಕೋಲಾರದ ಕಡೆಗೆ ವರ್ಗವಾಗಿ ಹೋಗುವ ಮುನ್ನ ಸುವಾರ್ತಮ್ಮ ವಠಾರದವರೆಗೂ ಹುಡುಕಿಕೊಂಡು ಬಂದಿದ್ದಳು. ಅಕ್ಕಯ್ಯಮ್ಮ ಚಾಪೆ ಹಾಕಿದಳು, ಕಾಫಿ ಮಾಡಿ ಕೊಟ್ಟಳು, ಲೋಟ ಖಾಲಿಯಾಗುವವರೆಗೂ ಎದುರಿಗೆ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಸುವಾರ್ತಮ್ಮ ಅಳುತ್ತಲೇ ಎದ್ದು ಹೋದಳು. ಪಾತ್ರೆ ತೊಳೆಯಲು ನಲ್ಲಿಯ ಹತ್ತಿರ ಬಂದ ಅಕ್ಕಯ್ಯಮ್ಮನಿಗೆ ನನ್ನ ತಾಯಿ, “ಯಾರಮ್ಮಾ ಅವರು?” ಎಂದು ಕೇಳಿದರು.

“ನಂಗೆ ಓದು ಕಲಿಸಿದೋರು,” ಎಂದಳು ಅಕ್ಕಯ್ಯಮ್ಮ.